ಕೊಂಬು ಉದುರುವ ಕಾಲದ ಬಾಣ

ನನ್ನ ಅಕ್ಕನ ಗಂಡ ಈದಯ್ಯನ ಜೊತೆ ಬೇಟೆಗೆ ಹೋಗುವುದೆಂದರೆ ನನಗೆ ಶಿಕ್ಷೆ. ಅವನು ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚು. ಬರಿಗಾಲಿನ ಬೆರಳಿಂದ ಒಣ ಎಲೆಯನ್ನು ಮೆಲ್ಲಗೆ ಸರಿಸಿ, ನೆಲ ಸಿಕ್ಕ ಮೇಲೆಯೇ ಮೈಭಾರ ಬಿಡುವುದು, ಆಮೇಲೆ ನಿಂತುಬಿಡುವುದು. ಸೊಂಟದ ಚೀಲದಿಂದ ಚಿಟಿಕೆ ಬೂದಿ ತೆಗೆದು ಉದುರಿಸುವುದು. ಬೂದಿ ತನ್ನ ಕಡೆಗೆ ಹಾರಿದರೆ ಇನ್ನೊಂದು ಹೆಜ್ಜೆ. ಕಡವೆ ಇರುವ ಕಡೆಗೆ ಹಾರಿದರೆ ಮುಗಿಯಿತು, ಇಡೀ ಗುಡ್ಡ ಸುತ್ತಿ ಮತ್ತೊಂದು ಮಗ್ಗುಲಿಂದ ಬರಬೇಕು. ಅಷ್ಟರಲ್ಲಿ ನನಗೆ ಕೆಮ್ಮು ಬರುತ್ತಿತ್ತು, ಇಲ್ಲವೇ ಬೆನ್ನು ಕೆರೆಯುತ್ತಿತ್ತು.

"ಲೋ ಬಯ್ಯ, ನಿನ್ನ ಕರ್ಕೊಂಡು ಬೇಟೆಗೆ ಬರೋದೂ ಒಂದೇ, ಮದುವೆ ದಿಬ್ಬಣ ಕರ್ಕೊಂಡು ಬರೋದೂ ಒಂದೇ. ಹೋಗು, ಜೇನು ಕೀಳು ಹೋಗು" ಎನ್ನುತ್ತಿದ್ದ.

"ಹೋಗ್ತೀನಿ ಭಾವ. ನಿಂಗೆ ಬೇರು ಬಿಟ್ಟಾಗ ಕೂಗು, ಕೊಡಲಿ ತರ್ತೀನಿ" ಎನ್ನುತ್ತಿದ್ದೆ ನಾನು.

ನಲ್ಲಮಲೆಯ ನಮ್ಮ ಚೆಂಚು ಗಂಡಸರಲ್ಲಿ ಬಿಲ್ಲಿಲ್ಲದವನು ಆಗ ಯಾರೂ ಇರಲಿಲ್ಲ. ಕಾಡಿಗೆ ಇನ್ನೂ ಕಾವಲು ಬಂದಿರದ ಕಾಲ ಅದು. ಆದರೂ ಹೆಚ್ಚಿನವರು ನಾಯಿ ಬಿಟ್ಟು, ಗದ್ದಲ ಎಬ್ಬಿಸಿ ಬೇಟೆಯಾಡುವವರು. ಒಬ್ಬನೇ ಹೋಗಿ, ಕಡವೆಗೆ ತನ್ನ ಸುಳಿವೇ ಸಿಗದಂತೆ ಹತ್ತಿರ ಸೇರಿ, ಒಂದೇ ಬಾಣದಲ್ಲಿ ಕೆಡವುವವನು ನಮ್ಮ ಪೆಂಟದ, ಅಂದರೆ ನಮ್ಮ ಹಾಡಿಯ, ಗುಡಿಸಲುಗಳಲ್ಲೆಲ್ಲ ಇವನೊಬ್ಬನೇ. ಹೊಗಳಿದರೆ ಮುಖ ತಿರುಗಿಸುತ್ತಿದ್ದ.

ಅಕ್ಕ ಪೋತಮ್ಮನ ಬಾಯಿ ಅವನಿಗೆ ತದ್ವಿರುದ್ಧ. "ಈ ಮಾವ ನನ್ನ ಕೇಳೋಕೆ ಬಂದಾಗ್ಲೂ ಹಂಗೇ, ಹುಣಸೆಮರದ ಹಿಂದೆ ನಿಂತ್ಕೊಂಡೇ ಇದ್ದ. ಕೊನೆಗೆ ನಾನೇ ಹೋಗಿ ಅಂದೆ, ನಾನೇನು ಕಡವೆನಾ ಓಡಿಹೋಗೋಕೆ, ಬಾ ಒಳಗೆ ಅಂತ." ಗಂಡನನ್ನು ಅವಳು ಮಾವ ಎಂದೇ ಕರೆಯುತ್ತಿದ್ದಳು. ಮಕ್ಕಳಾಗಲಿಲ್ಲ. ಅವನಿಗೆ ಅವಳು, ಅವಳಿಗೆ ಅವನು. ಜಗಳಕ್ಕೂ ಅವರೇ, ರಾಜಿಗೂ ಅವರೇ.

ಆ ಬೇಸಿಗೆಯಲ್ಲಿ ಅಕ್ಕನಿಗೆ ಜ್ವರ ಬಂತು. ಜ್ವರ ಇಳಿದರೂ ಅವಳು ಮೇಲೇಳಲಿಲ್ಲ. ಅಂಬಲಿ ಕುಡಿದರೆ ವಾಂತಿ, ಬೇಯಿಸಿದ ಗೆಣಸು ತಿಂದರೆ ವಾಂತಿ. ನಾನು ಉರುಲು ಹಾಕಿ ಮೊಲ ತಂದುಕೊಟ್ಟೆ, ಅದೂ ನಿಲ್ಲಲಿಲ್ಲ. ಎಲುಬಿನ ಹಂದರವಾಗಿ ಚಾಪೆಗೆ ಅಂಟಿಕೊಂಡಿದ್ದಳು. ಒಂದು ಸಂಜೆ ಅವಳೇ ಹೇಳಿದಳು: "ಕಡವೆ ಸಾರು ಕುಡೀಬೇಕು ಅನ್ಸುತ್ತೆ ಮಾವ. ಅದೊಂದು ನಿಲ್ಲುತ್ತೆ ನನ್ನ ಹೊಟ್ಟೇಲಿ."

ಈದಯ್ಯ ಎದ್ದು ಹೊರಗೆ ಬಂದ. ನಾನೂ ಹಿಂದೆ ಬಂದೆ. ಕೇಳಬಾರದ ಕಾಲದಲ್ಲಿ ಅಕ್ಕ ಕೇಳಿದ್ದಳು. ಜಿಂಕೆಗಳೆಲ್ಲ ನೀರಿಗಾಗಿ ಕೃಷ್ಣೆಯ ಕಡೆ ಇಳಿದುಹೋಗಿದ್ದವು. ನಮ್ಮ ಗುಡ್ಡದಲ್ಲಿ ಉಳಿದದ್ದು ಕಡವೆ ಮಾತ್ರ. ಆ ಹೊತ್ತಿನಲ್ಲಿ ಗಂಡು ಕಡವೆಗಳ ಕೊಂಬು ಉದುರಿರುತ್ತದೆ. ದೂರದಿಂದ ಗಂಡು ಯಾವುದು ಹೆಣ್ಣು ಯಾವುದು ತಿಳಿಯುವುದಿಲ್ಲ. ಹೆಣ್ಣು ಮೃಗ ಬಿದ್ದರೆ ನಮ್ಮ ಕಾಡಿನ ತಾಯಿ ಮೈಸಮ್ಮ ಮುನಿಯುತ್ತಾಳೆ. ಹಾಗಾಗಿ ಕೊಂಬು ಮತ್ತೆ ಮೂಡುವವರೆಗೆ ಕಡವೆಗೆ ಯಾರೂ ಬಾಣ ಹೂಡುವುದಿಲ್ಲ. ಅಕಸ್ಮಾತ್ ಹೆಣ್ಣು ಬಿದ್ದರೆ ಅದನ್ನು ಕೊಯ್ಯುವಂತಿಲ್ಲ. ಸೊಪ್ಪು ಮುಚ್ಚಿ, ಬಾಣ ಮುರಿದು, ತಾಯಿಯ ಕ್ಷಮೆ ಕೇಳಿ, ತಿರುಗಿ ನೋಡದೆ ಬರಬೇಕು. ಅದರ ಮಾಂಸ ಹೊಕ್ಕ ಮನೆ ಉಳಿಯುವುದಿಲ್ಲ.

"ಒಂದು ಗಂಡಿನ ಹೆಜ್ಜೆ ನಂಗೆ ಗೊತ್ತು" ಎಂದ ಈದಯ್ಯ. "ಮುಂದಿನ ಎಡಗಾಲಿನ ಗೊರಸು ಸೀಳಿದೆ. ಅದು ಉದುರಿಸಿದ ಕೊಂಬನ್ನ ನಾನೇ ನೋಡೀನಿ. ಹೆಜ್ಜೆ ಹಿಡಿದು ಹೋದ್ರೆ ಮೋಸ ಆಗಲ್ಲ."

"ಬೇಡ ಅನ್ನೋಕೆ ನಂಗೆ ಬಾಯಿ ಬರಲ್ಲ ಭಾವ. ಹುಷಾರು" ಎಂದೆ.

ಮುಂದಿನದನ್ನು ಆಮೇಲೆ ಅವನ ಬಾಯಿಂದಲೇ ಕೇಳಿದೆ. ಬೆಳಗಿನ ಜಾವ ಹೊರಟವನಿಗೆ ಹಳ್ಳದ ಮರಳಿನಲ್ಲಿ ಆ ಸೀಳುಗೊರಸು ಸಿಕ್ಕಿತು. ಬಿಸಿಲೇರುವ ತನಕ ಅದರ ಹಿಂದೆಯೇ ಹೋದ. ಬಿದಿರು ಮೆಳೆಯ ಹತ್ತಿರ ಹೆಜ್ಜೆ ಹಸಿಯಾಗಿತ್ತು, ಬೂದಿ ತನ್ನ ಕಡೆಗೇ ಹಾರುತ್ತಿತ್ತು. ಮೆಳೆಯಾಚೆ ದೊಡ್ಡ ಮೈಯೊಂದು ಕಂಡಿತು. ಕೊಂಬಿಲ್ಲದ ತಲೆ, ದಪ್ಪ ಕತ್ತು. ಅವನು ನಿಂತ. ಎಷ್ಟು ಹೊತ್ತು ನಿಂತನೋ ಅವನಿಗೇ ಗೊತ್ತಿಲ್ಲ. ಯಾವಾಗಲೂ ಇನ್ನೂ ಸ್ವಲ್ಪ ನಿಲ್ಲುತ್ತಿದ್ದೆ, ಅವತ್ತು ಪೋತಿಯ ಮುಖ ಕಣ್ಣ ಮುಂದೆ ಬಂತು ಎಂದ. ಬಾಣ ಬಿಟ್ಟ. ಮೃಗ ನಾಲ್ಕು ನೆಗೆತ ನೆಗೆದು ಬಿತ್ತು.

ಹತ್ತಿರ ಹೋದರೆ ಹೆಣ್ಣು. ಗಂಡು ತುಳಿದ ದಾರಿಯಲ್ಲೇ ಇದೂ ಬಂದಿತ್ತು; ಗಂಡು ಮೆಳೆಯಿಂದ ಆಚೆ ಇಳಿದುಹೋಗಿತ್ತು.

ಅಲ್ಲೇ ಕುಸಿದು ಕೂತನಂತೆ. ಸುತ್ತ ನರಪಿಳ್ಳೆ ಇಲ್ಲ. ಒಂದು ತುಂಡು ಕೊಯ್ದು ತಂದು ಗಂಡು ಎಂದಿದ್ದರೆ ಕೇಳುವವರಾರು? ಆದರೆ ಅವನ ಲೆಕ್ಕ ಬೇರೆ. ಮೈಸಮ್ಮನ ಮುನಿಸು ಮೊದಲು ತಟ್ಟುವುದು ತಿಂದವಳಿಗೆ, ಅದೂ ಮಲಗಿದವಳಿಗೆ. ಬದುಕಿಸಲು ಹೋಗಿ ನಾನೇ ಕೊಂದಂತಾಗುತ್ತದೆ ಎಂದುಕೊಂಡ. ಬಾಣ ಕಿತ್ತು ಮುರಿದ. ಸೊಪ್ಪು ಮುಚ್ಚಿದ. ತಿರುಗಿ ನೋಡದೆ ಬಂದ.

ಅವನು ಗುಡಿಸಲಿಗೆ ಬಂದಾಗ ನಾನು ಅಕ್ಕನ ಪಕ್ಕದಲ್ಲಿದ್ದೆ.

"ಸಿಕ್ತಾ ಮಾವ?"

"ಇಲ್ಲ ಕಣೇ."

ಅವನಿಗೆ ಸುಳ್ಳು ಹೇಳಲು ಬಾರದು. ಅಕ್ಕ ಅವನ ಕೈ ಹಿಡಿದು ಮೂಗಿನ ಹತ್ತಿರ ತಂದಳು. "ಇದು ಕಡವೆ ರಕ್ತ" ಎಂದಳು. ಅವನು ಎಲ್ಲ ಹೇಳಿದ.

"ತರಬೇಕಿತ್ತು ಮಾವ. ನಾನು ತಿಂತಿದ್ದೆ. ಮೈಸಮ್ಮ ಬಂದು ಕೇಳಿದ್ರೆ ನಾನೇ ಹೇಳ್ಕೊಳ್ತಿದ್ದೆ, ನೀನೂ ಹೆಂಗಸು, ನಾನೂ ಹೆಂಗಸು, ನಂಗೆ ಹಸಿವಾಗಿತ್ತು ತಾಯಿ ಅಂತ."

ಬೈದಿದ್ದರೆ ಚೆನ್ನಾಗಿತ್ತು. ಅಕ್ಕ ಬೈಯಲಿಲ್ಲ. ಅದಕ್ಕೂ ಅವಳಲ್ಲಿ ಶಕ್ತಿ ಇರಲಿಲ್ಲ.

ಬೆಳಕು ಹರಿಯುತ್ತಲೇ ಬಿಟ್ಟು ಬಂದ ಮೃಗಕ್ಕಾಗಿ ಇಬ್ಬರೂ ಓಡಿದೆವು. ಎಲೆಯೊಂದೂ ಸದ್ದು ಮಾಡದಂತೆ ನಡೆಯುತ್ತಿದ್ದ ಮನುಷ್ಯ ಮುಳ್ಳು ಪೊದೆ ಮುರಿದುಕೊಂಡು ಓಡುತ್ತಿದ್ದ. ದಾರಿಯುದ್ದಕ್ಕೂ ಇದನ್ನೆಲ್ಲ ಹೇಳುತ್ತಲೇ ಇದ್ದ. ಬಿದಿರು ಮೆಳೆ ಸೇರುವಷ್ಟರಲ್ಲಿ ಮೇಲೆ ರಣಹದ್ದುಗಳು ಸುತ್ತುತ್ತಿದ್ದವು. ಸೀಳುನಾಯಿಗಳು ರಾತ್ರಿಯೇ ಮುಗಿಸಿದ್ದವು. ಸೊಪ್ಪು ಚೆಲ್ಲಾಪಿಲ್ಲಿ, ಚರ್ಮದ ಚೂರು, ಎಲುಬು. ಒಂದು ಹಿಡಿ ಮಾಂಸವೂ ಉಳಿದಿರಲಿಲ್ಲ.

ಈದಯ್ಯ ಮಂಡಿಯೂರಿ ತೊಡೆ ಎಲುಬುಗಳನ್ನು ಆಯತೊಡಗಿದ.

"ಭಾವ, ಮೈಸಮ್ಮ..." ಎಂದೆ.

"ಸುಮ್ನಿರೋ" ಎಂದ. ಅವನು ನನ್ನ ಮೇಲೆ ಕೂಗಿದ್ದು ಅದೊಂದೇ ಸಲ.

ಪೆಂಟದವರ ಕಣ್ಣು ತಪ್ಪಿಸಿ ಎಲುಬುಗಳನ್ನು ಬಟ್ಟೆಯಲ್ಲಿ ಸುತ್ತಿ ತಂದೆವು. ಕಲ್ಲಿನಿಂದ ಒಡೆದು, ಒಳಗಿನ ನೆಣ ಕೆರೆದು ಕುದಿಸಿದೆವು. ಅವನೇ ತಲೆ ಎತ್ತಿ ಹಿಡಿದು ಸೋರೆಬುರುಡೆಯಿಂದ ಹನಿ ಹನಿ ಬಿಟ್ಟ. ಸಾರು ಅಕ್ಕನ ತುಟಿಯ ಮೂಲೆಯಿಂದ ಹೊರಗೇ ಇಳಿಯಿತು. ನುಂಗುವುದನ್ನು ಅವಳ ಗಂಟಲು ಮರೆತಿತ್ತು. ಅವನು ಒರೆಸಿ ಮತ್ತೆ ಬಿಟ್ಟ, ಒರೆಸಿ ಮತ್ತೆ ಬಿಟ್ಟ. ಅವಳು ಹೋದದ್ದು ನನಗೆ ಗೊತ್ತಾದ ಮೇಲೂ ಬಿಡುತ್ತಲೇ ಇದ್ದ.

ಮಣ್ಣು ಮಾಡಿದ ಮೇಲೆ, ಹೆಣ್ಣು ಕಡವೆಯನ್ನು ಬಿಟ್ಟು ಬಂದದ್ದನ್ನು ನನ್ನಿಂದ ತಿಳಿದ ಪೆಂಟದ ಹಿರಿಯ ದಾಸಯ್ಯ ಎಲ್ಲರೆದುರು ಹೇಳಿದ: "ಹೆಂಡ್ತಿ ಸಾಯ್ತಿದ್ರೂ ತಾಯಿ ಮಾತು ಮೀರಲಿಲ್ಲ ಇವನು. ಗಂಡಸು ಅಂದ್ರೆ ಇವನು." ಈದಯ್ಯ ತಲೆ ತಗ್ಗಿಸಿ ಕೂತಿದ್ದ. ಎಲುಬಿನ ವಿಷಯ ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ತಿಳಿಯದು. ಅಂದಿನಿಂದ ಬೇಟೆಯ ಪಾಲು ಹಂಚುವಾಗ ಮೊದಲ ತುಂಡು ಅವನಿಗೇ ಕೊಡುತ್ತಿದ್ದರು. ಅವನು ಬಿಲ್ಲು ಮುಟ್ಟಲಿಲ್ಲ. ಗೆಣಸು ಅಗೆದು ತಿಂದು ದಿನ ತಳ್ಳಿದ. ಆ ಮೊದಲ ತುಂಡು ಬಂದಾಗಲೆಲ್ಲ ಅವನ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ಮುದುಕನಾದ ಮೇಲೆ ಒಮ್ಮೆ ಕೇಳಿದ: "ಲೋ ಬಯ್ಯ, ಅಲ್ಲಿ ಬಿಟ್ಟು ಬಂದದ್ದು ತಪ್ಪಾ, ಆಮೇಲೆ ಆಯ್ಕೊಂಡು ಬಂದದ್ದು ತಪ್ಪಾ?"

"ಎರಡೂ ತಪ್ಪಲ್ಲ ಭಾವ" ಎಂದೆ.

"ಹಂಗನ್ನಬೇಡ" ಎಂದ. "ಮೈಸಮ್ಮ ಒಂದ್ಸಲ ಬಂದು ಹೇಳ್ಲಿ, ನೀನು ಬಿಟ್ಟು ಬರದೇ ಇದ್ದಿದ್ರೆ ನಾನು ಖಂಡಿತ ಮುನೀತಿದ್ದೆ ಅಂತ. ಅಷ್ಟು ಸಾಕು ನಂಗೆ. ಇಷ್ಟು ವರ್ಷ ಕೇಳ್ತಾನೇ ಇದ್ದೀನಿ ಕಣೋ, ಅವಳು ಬಾಯೇ ಬಿಡಲ್ಲ."