ರಾಜನ ಅಂಗಿಯ ಕೌದಿ

ನಾಲ್ಕು ಜನರ ಮುಂದೆ ಮಾತಾಡು ಎಂದರೆ ನನಗೆ ಈಗಲೂ ನಾಲಿಗೆ ಒಣಗುತ್ತದೆ. ಅದಕ್ಕೇ ಇದನ್ನು ನಿಮಗೆ ಬರೆದು ಕೊಡುತ್ತಿದ್ದೇನೆ, ಮಕ್ಕಳೇ.

ಆಗ ನನಗೆ ಹನ್ನೊಂದು ವರ್ಷ. ನಾವು ಕೆರೆಬಿಳಚಿಯಲ್ಲಿದ್ದೆವು. ಅಕ್ಕ ಹೆರಿಗೆಗೆ ಬಂದು, ಕೂಸಿಗೆ ಐದು ತಿಂಗಳು ತುಂಬಿತ್ತು. ಮುಂದಿನ ಸೋಮವಾರ ಅವಳ ಅತ್ತೆ ಜಗಳೂರು ಕಡೆಯ ಸೊಕ್ಕೆಯಿಂದ ಬಂದು ತಾಯಿ ಮಗುವನ್ನು ಕರೆದುಕೊಂಡು ಹೋಗುವವರಿದ್ದರು. ಕೂಸಿನ ಜೊತೆ ಹೊಸ ಕೌದಿ ಕಳಿಸಬೇಕು. ಆದರೆ ಎರಡನೇ ಮಹಾಯುದ್ಧದ ಕಾಲ, ಬಟ್ಟೆಗೆಲ್ಲ ಕಂಟ್ರೋಲು, ಬೇಕೆಂದಷ್ಟು ಸಿಗುತ್ತಿರಲಿಲ್ಲ.

ನಮ್ಮ ಚಿಕ್ಕಪ್ಪ ಊರ ನಾಟಕದಲ್ಲಿ ರಾಜನ ಪಾತ್ರ ಮಾಡುತ್ತಿದ್ದರು. ಸೀಮೆಎಣ್ಣೆ ಸಿಗದೆ ದೀಪ ಹಚ್ಚುವುದು ನಿಂತು, ನಾಟಕವೂ ನಿಂತಿತ್ತು. ಒಂದು ಮಧ್ಯಾಹ್ನ ಅವರು ವೇಷದ ಪೆಟ್ಟಿಗೆ ತಂದು ಪಡಸಾಲೆಯಲ್ಲಿ ಸುರುವಿದರು.

"ತಗಳ್ರಿ! ರಾಜ್ಯಾನೇ ಹೋತು, ಅಂಗಿ ಕಟ್ಕಂಡು ಏನ್ ಮಾಡಾಕೆ?"

ಇಲಿ ಕಡಿದ ಕೆಂಪು ಅಂಗಿ, ರಾಣಿಯ ಹಸಿರು ರವಿಕೆ, ಮಂತ್ರಿಯ ಹಳದಿ ನಡುಪಟ್ಟಿ. ಎಲ್ಲವೂ ಸ್ಯಾಟಿನ್ನು. ಆ ಹೆಸರು ನನಗೆ ಆಗ ಗೊತ್ತಿರಲಿಲ್ಲ. ಕೆನ್ನೆಗೆ ಒತ್ತಿಕೊಂಡರೆ ಹೊಸ ಬೆಣ್ಣೆಯಷ್ಟು ತಣ್ಣಗೆ, ನುಣ್ಣಗೆ. ಇದರ ಕೌದಿ ನಾನೇ ಹೊಲಿಯುತ್ತೇನೆ ಎಂದುಬಿಟ್ಟೆ. ನಾನೇ ಹಾಗೆ ಅಂದೆನೇ ಎಂದು ನನಗೇ ಆಶ್ಚರ್ಯ.

ಅಜ್ಜಿ ನಕ್ಕಳು. "ಜಾರೋ ಬಟ್ಟೆ ಅದು, ಸೂಜಿಗೆ ನಿಲ್ಲಲ್ಲ. ಕೂಸಿಗೆ ರಾಜನ ಅಂಗಿ ಹೊದಿಸ್ತೀಯೇನೆ? ಭಾನುವಾರದೊಳಗೆ ನೆಟ್ಟಗೆ ಹೊಲಿದ್ರೆ ಹೋಗ್ಲಿ. ಇಲ್ಲಾಂದ್ರೆ ನನ್ನ ಹಳೇ ಸೀರೆ ಕೌದೀನೇ ಕಳ್ಸೋದು. ಬೀಗರ ಮುಂದೆ ನಗೆಪಾಟಲು ಬ್ಯಾಡ."

ಅಕ್ಕ ಮೆಲ್ಲಗೆ ನನ್ನ ಜಡೆ ಎಳೆದಳು. "ನಿನ್ನ ಕೈದೇ ಬೇಕು ನಂಗೆ. ಅಲ್ಲಿ ಕೂಸಿಗೆ ಹೊದಿಸಿದಾಗೆಲ್ಲ ನೀನು ನೆಪ್ಪಾಗ್ಬೇಕು."

ಅಜ್ಜಿಯ ಮಾತು ನಿಜವಾಯಿತು. ಕತ್ತರಿಸಿದ ಕಡೆಯಲ್ಲೆಲ್ಲ ಎಳೆ ಬಿಚ್ಚಿಕೊಂಡು ಬಂತು. ನೆಟ್ಟಗೆ ಹೊರಟ ಹೊಲಿಗೆಯ ಸಾಲು ಆಡು ನಡೆದ ದಾರಿಯಂತೆ ಎತ್ತೆತ್ತಲೋ ಹೋಯಿತು. ಮೂರು ಸಲ ಬಿಚ್ಚಿದೆ. ಗುರುವಾರ ಅವ್ವ ಬಾಣಂತಿಯ ಅನ್ನ ಬಸಿಯುತ್ತಿದ್ದಳು. ಬಸಿದ ಗಂಜಿ ನೋಡುತ್ತಿದ್ದಂತೆ, ಅಗಸರವಳು ಚಿಕ್ಕಪ್ಪನ ಪಂಚೆಗೆ ಗಂಜಿ ಹಾಕುವುದು ನೆನಪಾಯಿತು. ತುಂಡುಗಳನ್ನೆಲ್ಲ ಅದರಲ್ಲಿ ಅದ್ದಿ ಬಿಸಿಲಿನ ಬಂಡೆಗೆ ಅಂಟಿಸಿದೆ. ಸಂಜೆಗೆ ಎಲ್ಲ ಹಪ್ಪಳ! ಅಂಚು ಮಡಿಸಿದರೆ ಮಡಿಸಿದಂತೆ ನಿಂತವು, ಸೂಜಿ ಹೋದ ಕಡೆಗೆ ಬಟ್ಟೆಯೂ ಹೋಯಿತು.

ಶಾಲೆ ಬಿಟ್ಟರೆ ಒಂದೇ ಓಟ ಮನೆಗೆ. ಅಡಿಯಲ್ಲಿ ಹಳೆಯ ಸೀರೆಯ ಪದರ, ಮೇಲೆ ಕೆಂಪು, ಹಸಿರು, ಹಳದಿ. ಶನಿವಾರ ಅಜ್ಜಿ ತಾನಾಗೇ ಬಂದು ಎದುರಿಗೆ ಕೂತು ಅಂಚು ಬಿಗಿಯಾಗಿ ಹಿಡಿದುಕೊಂಡಳು. ನನಗೆ ಕುಣಿಯುವಂತಾಯಿತು.

ನಮ್ಮಲ್ಲಿ ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ನಾಲ್ಕು ಕಾಳು ಜೋಳ ಇಡುತ್ತಾರೆ. ಕೌದಿ ಹಸಿದಿರಬಾರದು ಎಂದು. ರಾಜನ ಕೌದಿಗೆ ಬರೀ ಜೋಳವೇ? ನಾನು ಯಾರಿಗೂ ಹೇಳದೆ ಒಂದು ಅಚ್ಚು ಬೆಲ್ಲ ಮುರಿದು ದೊಡ್ಡ ತುಂಡೇ ಇಟ್ಟು ಹೊಲಿದೆ.

ಸೋಮವಾರ ಬೀಗಿತ್ತಿ, ಅಕ್ಕನ ಅತ್ತೆ, ಬಂದರು. ಅಜ್ಜಿ ಹೆಮ್ಮೆಯಿಂದ ಕೌದಿ ಬಿಡಿಸಿದಳು. ಮೂಲೆಯಿಂದ ಕೆಂಪು ಇರುವೆಯ ಸಾಲು ಹೊರಟು ಬೀಗಿತ್ತಿಯ ಕೈಯತ್ತ ಹರಿಯಿತು! ಅಜ್ಜಿಯ ಮುಖ ಬಿಳಿಚಿಕೊಂಡಿತು. ನಾನು ಬಾಗಿಲ ಸಂದಿಗೆ ಸೇರಿದೆ.

"ಯಾರು ಹೊಲಿದಿದ್ದು? ಬಾ ಇಲ್ಲಿ," ಎಂದರು ಬೀಗಿತ್ತಿ.

"ನಾನೇ ರೀ... ಜೋಳ ಇಡ್ಲಿಲ್ಲ. ಬೆಲ್ಲ ಇಟ್ಟೆ. ಕೂಸಿಗೆ ಒಳ್ಳೇದಾಗ್ಲಿ ಅಂತ."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ನಮ್ಮವ್ವ, ಉಣ್ಣಾಕೆ ಇಕ್ಕು ಅಂದ್ರೆ ಬೀಗರೂಟಾನೇ ಇಕ್ಕೀಯಲ್ಲೇ! ಬಿಚ್ಚು, ಬಿಚ್ಚು."

ಬಿಚ್ಚಿ ಬೆಲ್ಲ ತೆಗೆದು ಕೊಡವಿದೆ. ಅವರು ನಮಗೆಂದು ತಂದಿದ್ದ ಸೊಕ್ಕೆಯ ಜೋಳದ ಗಂಟು ಬಿಚ್ಚಿ, ನಾಲ್ಕು ಕಾಳು ನನ್ನ ಅಂಗೈಗೆ ಹಾಕಿದರು. ಎಲ್ಲರೂ ನೋಡುತ್ತಿರುವಾಗ ಹೊಲಿದೆ. ಸಾಲು ಸೊಟ್ಟಗಾಯಿತು.

"ಸೊಟ್ಟ ಆತು, ಇನ್ನೊಂದ್ಸಲ ಬಿಚ್ಚು," ಎಂದಳು ಅಜ್ಜಿ.

"ಇರ್ಲಿ ಬಿಡ್ರಿ, ಮೊಮ್ಮಗ ಏನು ಅಳತೆ ಹಿಡಿತಾನಾ? ಬಸ್ಸಿಗೆ ಹೊತ್ತಾತು," ಎಂದು ಬೀಗಿತ್ತಿ ಕೂಸನ್ನು ಅದರಲ್ಲೇ ಸುತ್ತಿ ಎತ್ತಿಕೊಂಡರು.

ಪೆಟ್ರೋಲು ಸಿಗದ ಆ ಕಾಲದ ಇದ್ದಿಲಿನ ಬಸ್ಸು ಹೊಗೆ ಕಾರುತ್ತ ಹೊರಟಿತು. ಕಿಟಕಿಯಲ್ಲಿ ಅಕ್ಕ ಕೌದಿಯ ಕೆಂಪು ಅಂಚನ್ನು ಎತ್ತಿ ತೋರಿಸಿದಳು. ಎಂದೂ ದನಿ ಎತ್ತದ ನಾನು ಬಸ್ಸಿನ ಹಿಂದೆ ಓಡುತ್ತ, ಬೀದಿಯೆಲ್ಲ ತಿರುಗಿ ನೋಡುವಂತೆ ಕೂಗಿದೆ: "ಅಕ್ಕಾ, ಹೋದ ಕೂಡ್ಲೆ ಬಿಸಿಲಿಗೆ ಹಾಕೇ! ಇನ್ನೂ ಒಂದೆರಡು ಇರುವೆ ಅದಾವು!"