ದೊಡ್ಡವರ ಸೂಜಿ

ಬನಹಟ್ಟಿಯ ಡಾಕ್ಟರ್ ಪ್ರಭುಲಿಂಗ ಅವರ ದವಾಖಾನೆಯಲ್ಲಿ ಉಜ್ವಲಾ ನರ್ಸ್. ಹುಟ್ಟಿದ್ದು ನೇಕಾರರ ಮನೆಯಲ್ಲಿ. ಮಗ್ಗದ ಸದ್ದಿನ ಮೇಲೆ ಮಾತಾಡಿ ರೂಢಿಯಾದ ದನಿ ಅವಳದು. ಒಳಗೆ ಯಾರಿಗೆ ಬೈಯುತ್ತಿದ್ದಾಳೆಂಬುದು ಹೊರಗಿನ ಬೆಂಚಿಗೂ ಕೇಳುತ್ತಿತ್ತು.

ಬಿ.ಪಿ. ಗುಳಿಗೆಗಾಗಿ ಸಾಬಣ್ಣ ಎಂಬ ನೇಕಾರ ಅಲ್ಲಿಗೆ ತಪ್ಪದೆ ಬರುತ್ತಿದ್ದ. ಒಮ್ಮೆ ಮಗ್ಗ ರಿಪೇರಿ ಮಾಡುವಾಗ ಅವನ ಕಾಲಿಗೆ ಮೊಳೆ ಚುಚ್ಚಿತು. ಅರಿಶಿನ ಮೆತ್ತಿಕೊಂಡು ಸುಮ್ಮನಾದ. ಕೆಲವು ದಿನಗಳ ಮೇಲೆ ಹೆಂಡತಿ ಅವನನ್ನು ಆಟೋದಲ್ಲಿ ಕರೆತಂದಾಗ ದವಡೆ ಬಿಗಿದು ಬಾಯಿ ತೆರೆಯಲು ಬರುತ್ತಿರಲಿಲ್ಲ. ಧನುರ್ವಾಯು. ಡಾಕ್ಟರು ಕೂಡಲೇ ಬಾಗಲಕೋಟೆಗೆ ಕಳಿಸಿದರು. ಜೀವವೇನೋ ಉಳಿಯಿತು, ಮಗ್ಗದ ಮುಂದೆ ನಿಲ್ಲುವ ತ್ರಾಣ ಬರಲು ತಿಂಗಳುಗಳೇ ಹಿಡಿದವು.

ಉಜ್ವಲಾಳ ಮನಸ್ಸನ್ನು ಅದು ಕೊರೆಯತೊಡಗಿತು.

“ಅಂವಾ ಎಲ್ಲೋ ಅಡವ್ಯಾಗ ಇದ್ದಾಂವಲ್ರೀ ಸರ್, ನಮ್ಮ ಬಾಗಲಕ್ಕ ಬರ್ತಿದ್ದ. ಬರೇ ಬಿ.ಪಿ. ನೋಡಿ ಕಳಿಸಿದ್ವಿ. ಧನುರ್ವಾಯು ಸೂಜಿ ಯಾವಾಗ ತಗೊಂಡೀಪಾ ಅಂತ ಒಮ್ಮೆರ ಕೇಳಿದ್ವೇನ್ರೀ?”

“ಖರೆ ಐತಿ,” ಎಂದರು ಡಾಕ್ಟರು. “ಆದ್ರ ದೊಡ್ಡವರು ಹಾಕಿಸ್ಕೋತಾರೇನು?”

“ಕೇಳೂಣ್ರಿ. ಒಲ್ಲೆ ಅಂದ್ರ ಮುಂದಿನ ಸಲ ಮತ್ತ ಕೇಳೂಣು.”

ಅಂದಿನಿಂದ ಶುಗರ್, ಬಿ.ಪಿ., ಕೆಮ್ಮು ಎಂದು ಯಾರೇ ಬರಲಿ, ಉಜ್ವಲಾ ಸೂಜಿಯ ಮಾತೆತ್ತದೆ ಬಿಡುತ್ತಿರಲಿಲ್ಲ. ವಯಸ್ಸಾದವರಿಗೆ ಫ್ಲೂ ಲಸಿಕೆಯ ವಿಷಯವನ್ನೂ ಹೇಳುವಳು. ಕೆಲವರು ನಕ್ಕರು. “ನಾ ಏನ್ ತೊಟ್ಟಿಲ ಕೂಸೇನ ಬೇ?” ಎಂದಳೊಬ್ಬ ಮುದುಕಿ. ಹೂಂ ಅಂದವರಲ್ಲೂ ಹೆಚ್ಚಿನವರು, ಮಗ್ಗ ಬಿಟ್ಟು ಬಂದಿದ್ದೇವೆ, ಸೂಜಿಯ ನಂತರ ಅರ್ಧ ತಾಸು ಕೂರಲು ಪುರಸೊತ್ತಿಲ್ಲವೆಂದು ಹೊರಟುಬಿಡುತ್ತಿದ್ದರು.

ಹಾಗಾದರೆ ಮಗ್ಗವಿದ್ದಲ್ಲಿಗೇ ಹೋಗಬೇಕು ಅನ್ನಿಸಿತು ಅವಳಿಗೆ. ಪಕ್ಕದ ರಬಕವಿಯ ಗೂಳಪ್ಪ ಹಲವು ಪವರ್‌ಲೂಮ್‌ಗಳ ಮಾಲೀಕ. ಆತ ಒಪ್ಪಿದರೆ ಓಣಿಯೇ ಒಪ್ಪಿದಂತೆ. ಮಗ್ಗದ ಶೆಡ್ಡಿನಲ್ಲೇ ಎಲ್ಲರಿಗೂ ಸೂಜಿ ಹಾಕಲು ಬಿಡಿ ಎಂದು ಉಜ್ವಲಾ ಹೋಗಿ ಕೇಳಿದಳು. ಗೂಳಪ್ಪ ಹುಬ್ಬು ಗಂಟಿಕ್ಕಿದ.

“ಸೂಜಿ ಹಾಕಿ ಎಲ್ಲಾರಿಗೂ ಜ್ವರ ತರಸ್ತಿ. ಮರುದಿನ ಸೀರಿ ನೇಯಾಕ ನೀ ಬರ್ತೀಯೇನು? ನಡಿ ನಡಿ.”

ಕೆಲಸಗಾರರೆಲ್ಲ ನೋಡುತ್ತಿದ್ದರು. ಉಜ್ವಲಾಳ ಕಿವಿ ಬಿಸಿಯಾಯಿತು. ಮನೆಗೆ ಬಂದಳು, ಊಟ ಸೇರಲಿಲ್ಲ. ಆದರೆ ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ತೋಳು ನೋಯುತ್ತದೆ, ಕೆಲವರಿಗೆ ಮೈ ಬೆಚ್ಚಗಾಗುತ್ತದೆ. ಮುಂದಿನ ವಾರ ಮತ್ತೆ ಹೋದಳು.

“ಕಾಕಾ, ನೀವು ಅಂದದ್ದು ಬರೋಬ್ಬರಿ ಐತ್ರಿ. ಅದಕ್ಕ ಮಗ್ಗದ ಸೂಟಿ ಹಿಂದಿನ ಸಂಜಿಗೆ ಹಾಕ್ತೀವಿ. ಡಾಕ್ಟರೂ ಬರ್ತಾರ. ಜ್ವರ ಬಂದ್ರ ಸೂಟ್ಯಾಗ ಬಂದು ಹೋಗ್ತೈತಿ.”

ಗೂಳಪ್ಪ ಉತ್ತರಿಸುವ ಮೊದಲೇ ಒಳಗಿನಿಂದ ಹೆಂಡತಿ ಸಾವಕ್ಕ ಬಂದಳು. ಅವಳಿಗೆ ಶುಗರ್, ಚಳಿಗಾಲ ಬಂತೆಂದರೆ ಕೆಮ್ಮಿ ಕೆಮ್ಮಿ ಹಾಸಿಗೆ ಹಿಡಿಯುವಳು.

“ಮೊದಲ ನನಗ ಹಾಕವಾ ತಂಗಿ.”

“ನಿನಗ್ಯಾಕ ಈಗ?” ಎಂದ ಗೂಳಪ್ಪ.

“ತೋಳು ನಂದೈತಿ, ಕೆಮ್ಮೂ ನಂದ. ನೀವು ಸುಮ್ಮ ಕುಂದರ್ರಿ.”

ಕೆಲಸಗಾರರು ನಗು ತಡೆಯಲಾರದೆ ಬೇರೆ ಕಡೆ ತಿರುಗಿದರು. “ಆತು, ಸೂಟಿ ಹಿಂದಿನ ಸಂಜಿಗೆ ಬಾ,” ಎಂದು ಗೂಳಪ್ಪ ಒಳಗೆ ನಡೆದ.

ಮಗ್ಗಕ್ಕೆ ರಜೆಯಿದ್ದ ದಿನದ ಹಿಂದಿನ ಸಂಜೆ ಡಾಕ್ಟರು ಬಂದರು. ಸಾವಕ್ಕ ಫ್ಲೂ ಸೂಜಿ ಹಾಕಿಸಿಕೊಂಡು, ಹೇಳಿದಂತೆ ಅರ್ಧ ತಾಸು ಅಲ್ಲೇ ಕೂತಳು. ಅವಳ ಹಿಂದೆ ನೇಕಾರರು, ಅವರ ಹಿಂದೆ ಕಂಡಿಕಿಗೆ ನೂಲು ಸುತ್ತುವ ಹೆಂಗಸರು, ಧನುರ್ವಾಯು ಸೂಜಿಗೆ ತೋಳಿನ ಬಟ್ಟೆ ಮಡಚಿ ನಿಂತರು. ಇನ್ನೂ ಕುಂಟುತ್ತಿದ್ದ ಸಾಬಣ್ಣನೇ ಪಕ್ಕದ ಓಣಿಯವರನ್ನು ಕರೆದುಕೊಂಡು ಬಂದ.

ಈಗ ಬೇರೆ ಶೆಡ್ಡಿನವರೂ ಉಜ್ವಲಾಳನ್ನು ಕರೆಯುತ್ತಾರೆ. ಗೂಳಪ್ಪ ಮಾತ್ರ ಇನ್ನೂ ತೋಳು ಕೊಟ್ಟಿಲ್ಲ. “ಮುಂದಿನ ಸಲ ನೋಡೂಣು,” ಅನ್ನುತ್ತಾನೆ. ಉಜ್ವಲಾ ಹೂಂ ಎಂದು ತಲೆಯಾಡಿಸಿ ಬರುತ್ತಾಳೆ, ಮುಂದಿನ ಸಲ ಮತ್ತೆ ಕೇಳುತ್ತಾಳೆ.