ಅಪ್ಪ ಇಡುತ್ತಿದ್ದ ಮಚ್ಚೆ

ನಿನ್ನೆ ಕಿತ್ತೂರಿನಲ್ಲಿ ಅಂಗಡಿಯೊಂದಕ್ಕೆ ಬಣ್ಣ ಹಚ್ಚುತ್ತಿದ್ದರು. ಟರ್ಪೆಂಟೈನ್ ವಾಸನೆ ಮೂಗಿಗೆ ಬಡಿದದ್ದೇ ಬೈಲಹೊಂಗಲದ ನಮ್ಮ ಪಡಸಾಲೆ ಕಣ್ಣಮುಂದೆ ಬಂತು.

ಅಪ್ಪ ಟಾಕೀಸಿನವರಿಗೆ ಕೈಯಿಂದಲೇ ಪೋಸ್ಟರ್ ಬರೆದುಕೊಡುತ್ತಿದ್ದ. ಗೋಡೆಗೆ ಬಿಗಿದ ಬಟ್ಟೆಯ ತುಂಬ ಆಳೆತ್ತರದ ಮುಖಗಳು. ಬಣ್ಣದ ಕೈ ಲುಂಗಿಗೆ ಒರೆಸಿಕೊಂಡು ಅವ್ವನಿಂದ ದಿನಾ ಬೈಸಿಕೊಳ್ಳುತ್ತಿದ್ದ. ನಾಯಕಿ ಯಾರೇ ಇರಲಿ, ಅವಳ ಗದ್ದಕ್ಕೊಂದು ಮಚ್ಚೆ ಇಡುತ್ತಿದ್ದ. ಸಿನಿಮಾ ನೋಡಿದರೆ ಅವಳಿಗೆ ಮಚ್ಚೆಯೇ ಇರುತ್ತಿರಲಿಲ್ಲ.

ಒಂದು ಸಂಜೆ ಕೇಳಿಯೇಬಿಟ್ಟೆ. "ಅಪ್ಪಾ, ಈ ಮಚ್ಚಿ ಯಾರ್ದು?"

ಅಪ್ಪ ಕುಂಚವನ್ನು ಮತ್ತೆ ಬಣ್ಣಕ್ಕೆ ಅದ್ದಿದ. ರೊಟ್ಟಿ ಬಡಿಯುತ್ತಿದ್ದ ಅವ್ವ ಅಲ್ಲಿಂದಲೇ ಹೇಳಿದಳು: "ನಮ್ಮ ಅಕ್ಕಂದು, ಯವ್ವಾ. ನಿಮ್ಮಪ್ಪನ ಮೊದಲನೇ ಹೇಣ್ತಿ ಆಕಿ. ತೀರಿಕೊಂಡ ಮ್ಯಾಲೆ ನನ್ನ ಕೊಟ್ಟರು."

ಅಪ್ಪನ ಮೇಲೆ ಸಿಟ್ಟು ಬಂತು, ಅವ್ವನನ್ನು ನೋಡಿ ಅಳು ಬಂತು. ಅಷ್ಟರಲ್ಲಿ ಅವ್ವ ಕೈಯ ಹಿಟ್ಟು ಝಾಡಿಸುತ್ತ ಬಂದು ಚಿತ್ರದ ಮುಂದೆ ನಿಂತಳು.

"ಸ್ವಲ್ಪ ಎಡಕ್ಕಿತ್ತರಿ ಅದು," ಎಂದಳು ಅಪ್ಪನಿಗೆ.

ಅಪ್ಪ ಹಳೆಯದನ್ನು ಒರೆಸಿ, ಅವಳು ಬೆರಳಿಟ್ಟು ತೋರಿಸಿದಲ್ಲಿ ಹೊಸದಾಗಿ ಬರೆದ.

ಈಗ ಇಬ್ಬರೂ ಇಲ್ಲ. ಆಗಿನ ಅವ್ವನಿಗಿಂತ ನನಗೇ ವಯಸ್ಸು ಹೆಚ್ಚಾಗಿದೆ. ಅವಳು ಅಂದು ಮಚ್ಚೆಯ ಜಾಗ ತಿದ್ದಿಸಿದ್ದು ಗಂಡನಿಗಾಗಿಯೋ, ಅಕ್ಕನಿಗಾಗಿಯೋ, ನನಗಿನ್ನೂ ತಿಳಿದಿಲ್ಲ.